ಒಂದೇ ಸಲ ಓಡಬಲ್ಲ ಟೇಪು

ಬಾನುಲಿ ಕೇಂದ್ರವೊಂದರಲ್ಲಿ ಸೌಂಡ್ ಎಂಜಿನಿಯರ್ ಆಗಿದ್ದ ನಾನು, ನಿವೃತ್ತಿಯ ನಂತರ ಬಾಗಲಕೋಟೆಯ ನವನಗರದಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಡಿಜಿಟಲ್‌ಗೆ ಇಳಿಸಿಕೊಡುವ ಸಣ್ಣ ಸ್ಟುಡಿಯೊ ನಡೆಸುತ್ತಿದ್ದೇನೆ. 2023ರ ಮಳೆಗಾಲದಲ್ಲಿ ಹುನಗುಂದದ ಶಾಲಾ ಶಿಕ್ಷಕಿ ಶಾಹೀನಾ ಒಂದು ಸ್ಪೂಲ್ ಟೇಪು ತಂದರು.

ಅದರಲ್ಲಿದ್ದದ್ದು ಅವರ ತಂದೆ ಹುಸೇನಸಾಬರ ಸ್ಯಾಕ್ಸೊಫೋನ್. ಇಳಕಲ್ಲಿನ ಮದುವೆ ಬ್ಯಾಂಡಿನಲ್ಲಿ ಬೆಳೆದ ಅವರು ಹರೆಯದಲ್ಲಿ ಮುಂಬೈ ಸೇರಿ, ಹೋಟೆಲೊಂದರಲ್ಲಿ ಜಾಝ್ ನುಡಿಸಿದವರು. ಪಿಯಾನೊಗೆ ಫ್ರಾನ್ಸಿಸ್, ಡ್ರಮ್ಸ್‌ಗೆ ಬಾಬು. ಮೂವರದೂ ಇದೊಂದೇ ಮುದ್ರಣ, ಬಿಡುಗಡೆಯಾಗಿರಲಿಲ್ಲ. ಜಾಝ್ ವಾದಕರು ಒಮ್ಮೆ ನುಡಿಸಿದ್ದನ್ನು ಮತ್ತೆ ಹಾಗೆಯೇ ನುಡಿಸುವುದಿಲ್ಲ. ಟೇಪು ಹೋದರೆ ಆ ಸಂಗೀತವೇ ಹೋದಂತೆ.

ಸೋರುವ ಮಾಳಿಗೆಯ ಕೆಳಗಿದ್ದ ಟೇಪು ತೇವ ಹೀರಿ ಅಂಟಂಟಾಗಿತ್ತು. ಇಂಥದ್ದನ್ನು ಹದವಾದ ಶಾಖದಲ್ಲಿ ನಿಧಾನವಾಗಿ ಒಣಗಿಸಿ, ಪೂರ್ತಿ ತಣಿದ ಮೇಲೆ ಓಡಿಸಬೇಕು. ಅದಕ್ಕೆ ಬೇಕಿಂಗ್ ಎನ್ನುತ್ತೇವೆ. ಅವಸರ ಮಾಡಿದರೆ ಶಬ್ದ ಹಿಡಿದಿರುವ ಲೇಪನವೇ ಕಿತ್ತುಬರುತ್ತದೆ.

"ಎರಡು ದಿನ ಬೇಕ್ರಿ," ಎಂದೆ.

"ಅಬ್ಬಾ ಇಲ್ಲೇ ದವಾಖಾನ್ಯಾಗ ಅದಾರ್ರಿ ಸರ್. ಎರಡು ದಿನದ ಮಾತು ಡಾಕ್ಟರೂ ಹೇಳವಲ್ಲರು. ಈಗೇ ಹಚ್ಚಿದ್ರ?"

"ಒಂದಿಷ್ಟು ಕೇಳಬಹುದು. ಆಮ್ಯಾಲೆ ಏನೂ ಉಳಿಯೂದಿಲ್ಲ."

ಅವರನ್ನೇ ಕೇಳೋಣ ಎಂದರು ಆಕೆ. ಇಬ್ಬರೂ ಆಸ್ಪತ್ರೆಗೆ ಹೋದೆವು. ಪಾರ್ಶ್ವವಾಯುವಿನಿಂದ ಹುಸೇನಸಾಬರ ಬಾಯಿ ಒಂದು ಕಡೆಗೆ ಎಳೆದಿತ್ತು. ನಾನು ವಿಷಯ ತಿಳಿಸಿದೆ. ಅವರು ತಡೆತಡೆದು ಮಾತಾಡಿದರು.

"ಒಣಗ್ಲಿ ಬಿಡ್ರಿ. ನಾ ಹೆಂಗ ನುಡಿಸೇನಿ ನನಗ ಗೊತ್ತೈತಿ. ಫ್ರಾನ್ಸಿಸ್, ಬಾಬು ಇಬ್ರೂ ಹೋದ್ರು. ಅವರು ಉಳದದ್ದು ಅದರಾಗಷ್ಟ."

ಮಗಳು ಮುಖ ಆಚೆ ತಿರುಗಿಸಿದರು.

ಟೇಪು ಒಣಗಿತು. ಇನ್ನೂ ತಣಿಯುತ್ತಿದ್ದಾಗ ಶಾಹೀನಾ ಅವರ ಫೋನ್ ಬಂತು.

"ಅಬ್ಬಾ ಹೋದ್ರು, ಸರ್."

ಆಮೇಲೆ ಅವರೇ ಅಂದರು: "ಗಡಿಬಿಡಿ ಮಾಡಬ್ಯಾಡ್ರಿ. ಇನ್ನ ಗಡಿಬಿಡಿ ಯಾರಿಗೈತಿ."

ಇಳಕಲ್ಲಿನಲ್ಲಿ ಮಣ್ಣಾದ ಮೇಲೆ ಆಕೆ ಮತ್ತೆ ಬಂದರು. ಟೇಪು ಓಡಿಸಿದೆ. ಮೊದಲ ಕೃತಿ ಪೂರ್ತಿ ಬಂತು. ಎರಡನೆಯದರಲ್ಲಿ ಪಿಯಾನೊ ಸ್ವಚ್ಛವಾಗಿತ್ತು, ಡ್ರಮ್ಸ್ ಕೂಡ. ಸ್ಯಾಕ್ಸೊಫೋನ್ ಮೇಲೇರುತ್ತಿದ್ದಂತೆ ಲೇಪನ ಕಳಚಿತು. ಅಲ್ಲಿಂದ ಮುಂದೆ ಬರೀ ಸುಯ್ಯೆನ್ನುವ ಸದ್ದು. ಒಣಗಿಸಿದರೂ ಅಷ್ಟು ಭಾಗವನ್ನು ಉಳಿಸಲು ನನ್ನಿಂದಾಗಲಿಲ್ಲ.

"ಮುಂದ ಇಲ್ಲೇನ್ರಿ?"

"ಇಲ್ಲವ್ವಾ."

ಆಕೆ ಮೊದಲನೆಯದನ್ನೇ ಮತ್ತೆ ಹಚ್ಚಲು ಹೇಳಿದರು. ಕಂಪ್ಯೂಟರಿಗೆ ಇಳಿಸಿಕೊಂಡದ್ದನ್ನು ಕೇಳಿಸಿದೆ. ಮರುವರ್ಷ ಮುಂಬೈಯ ಸಣ್ಣ ಕಂಪನಿಯೊಂದು ಅದನ್ನು ಮೂವರ ಹೆಸರಿನಲ್ಲಿ ಹೊರತಂದಿತು. ಕೇಳಿದವರು ಹೊಗಳಿ ಬರೆದರು. ಆ ಹೊಗಳಿಕೆ ಕೇಳಲು ಮೂವರಲ್ಲಿ ಒಬ್ಬರೂ ಇರಲಿಲ್ಲ.

ಈಗ ಯಾರೇ ಟೇಪು ತಂದರೂ ನಾನು ಮೊದಲು ಅದರ ಸ್ಥಿತಿ ನೋಡುವುದಿಲ್ಲ. ಇದನ್ನು ಕೇಳಬೇಕಾದವರು ಯಾರು, ಅವರು ಹೇಗಿದ್ದಾರೆ ಎಂದು ವಿಚಾರಿಸುತ್ತೇನೆ. ಯಂತ್ರದ ಕೆಲಸ ಆಮೇಲೆ.