ಆನೆಗಳು ಬದು ಒತ್ತಿದ ಭಾನುವಾರ

ನನ್ನ ಗೆಳೆಯನಿಗೆ ಯುದ್ಧ ಮಾಡಲು ಬರುವುದಿಲ್ಲ. ಇದನ್ನು ಅವನ ಎದುರಿಗೇ ಹೇಳಿದ್ದೇನೆ, ಆದ್ದರಿಂದ ಬರೆಯಲು ಅಡ್ಡಿಯಿಲ್ಲ. ಯುದ್ಧವೆಂದರೆ ಹಾಸನದ ನನ್ನ ಮನೆಯ ಮಹಡಿಯಲ್ಲಿ, ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜಿನ ಮೇಲೆ ಪುಟ್ಟ ಬೊಂಬೆ ಸೈನಿಕರನ್ನು ಹೂಡಿ ಆಡುವ ಆಟ. ಟೇಪು ಹಿಡಿದು ಅಳೆದು ಸೈನ್ಯ ನಡೆಸಬೇಕು. ಹೊಡೆದಾಟದ ಫಲವನ್ನು ದಾಳ ಹೇಳುತ್ತದೆ. ನನ್ನದು ರೋಮಿನ ಕಾಲಾಳು ಪಡೆ, ಅವನದು ಮಗಧದ ಆನೆ ಸೈನ್ಯ. ಇವೆರಡೂ ಚರಿತ್ರೆಯಲ್ಲಿ ಎಂದೂ ಎದುರಾಗಿಲ್ಲವೆಂದು ಮೊದಲ ದಿನವೇ ಹೇಳಿದ್ದೆ.

“ಅಲ್ಲಿ ಸಿಗ್ನಿಲ್ಲ, ಆಸನ್ದಾಗೆ ಸಿಕ್ಕವ್ರೆ ಬುಡ್ಲಾ,” ಅಂದ.

ನಾನು ಸೇನೆಯಲ್ಲಿ ದುಡಿದವನು. ನನ್ನ ರೋಮನ್ನರ ಗುರಾಣಿಗಳೆಲ್ಲ ಒಂದೇ ಕೆಂಪು, ಈಟಿಗಳೆಲ್ಲ ಒಂದೇ ಓರೆ. ಅವನು ಅರಕಲಗೂಡಿನ ಕಡೆಯ ಹೊಗೆಸೊಪ್ಪಿನ ಬೆಳೆಗಾರ. ಮನೆಯ ಗೇಟಿಗೆ ಬಳಿದು ಉಳಿದ ನೀಲಿ ಬಣ್ಣವನ್ನು ಆನೆಗಳ ಬೆನ್ನಿಗೆ ಬಳಿದಿದ್ದಾನೆ. ಆಯುಧಪೂಜೆಯಲ್ಲಿ ಅವಕ್ಕೂ ಕುಂಕುಮವಿಟ್ಟ. ಒಂದು ಆನೆಯ ಕಣ್ಣೇ ಮುಚ್ಚಿಹೋಯಿತು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವನ ಬದು ಒತ್ತುವ ಚಾಳಿ. ಉಳುವಾಗ ಪಕ್ಕದವನ ಬದುವನ್ನು ವರ್ಷಕ್ಕಿಷ್ಟು ಅಂತ ಕೆರೆದು ತನ್ನ ಹೊಲಕ್ಕೆ ಸೇರಿಸಿಕೊಳ್ಳುವವರಿದ್ದಾರಲ್ಲ, ಇವನು ಆನೆಗಳನ್ನು ಹಾಗೆಯೇ ನಡೆಸುತ್ತಾನೆ. ಟೇಪಿನಷ್ಟೇ ಇಡುತ್ತಾನೆ, ನಾನು ಕಾಫಿ ಲೋಟ ಎತ್ತಿದೊಡನೆ ಮೊಣಕೈಯಿಂದ ಮುಂದಕ್ಕೆ ಒತ್ತುತ್ತಾನೆ. ಕೇಳಿದರೆ, “ಗಾಳಿ ಕಣ್ಲಾ” ಎನ್ನುತ್ತಾನೆ. ಸೀಸದ ಆನೆ, ಗಾಳಿಗೆ!

ಕಳೆದ ವರ್ಷ ಅವನಿಗೆ ಹೊಸ ಯೋಚನೆ ಬಂತು. ಪ್ರತಿ ಭಾನುವಾರ ಬಸ್ಸಿನಲ್ಲಿ ಹಾಸನಕ್ಕೆ ಬರುವುದು ಬೇಸರವಂತೆ. ಮೇಜನ್ನು ಅವನ ಊರಿಗೆ ಒಯ್ದು, ಹೊಗೆಸೊಪ್ಪನ್ನು ಬೆಂಕಿಯ ಶಾಖದಲ್ಲಿ ಬೇಯಿಸುವ ಬ್ಯಾರನ್ ಮನೆಯ ಪಕ್ಕದ ಕೊಠಡಿಯಲ್ಲಿ ಹಾಕೋಣವಂತೆ. ಆ ಕೊಠಡಿಯನ್ನು ನಾನು ನೋಡಿದ್ದೇನೆ. ಕೆಮ್ಮದೆ ಒಳಗೆ ನಿಲ್ಲಲಾಗದು. ಗೋಣಿಚೀಲದ ಮೇಲೆ ಬೆಕ್ಕು ಮರಿ ಹಾಕಿತ್ತು. ನನ್ನ ಮೇಜು ಅಲ್ಲಿಗೆ! ಆಟದಲ್ಲೇ ತೀರ್ಮಾನವಾಗಲಿ ಎಂದೆ. ನಾನು ಗೆದ್ದರೆ ಮೇಜು ಇಲ್ಲೇ, ಮತ್ತೆ ಆ ಮಾತು ಎತ್ತಬಾರದು. ಅವನು ಗೆದ್ದರೆ ಅಲ್ಲಿಗೆ. ಅವನ ಕೈಯಲ್ಲಿ ಸೋಲುವ ಭಯ ನನಗಿರಲಿಲ್ಲ.

ಆ ಭಾನುವಾರ ಸಿದ್ಧನಾಗಿಯೇ ಕೂತಿದ್ದೆ. ಅವನು ಆನೆಗಳನ್ನು ಇಟ್ಟ ಕೂಡಲೇ, ಅವನು ಬೀಡಿ ಹುಡುಕುವ ಹೊತ್ತಿನಲ್ಲಿ, ಸಾಲಿನ ಮುಂದೆ ಬಟ್ಟೆಗೊಂದು ಗುಂಡುಪಿನ್ನು ಚುಚ್ಚಿದೆ. ಅಡುಗೆಮನೆಗೆ ಹೋಗಿ ಬೇಕೆಂದೇ ನಿಧಾನವಾಗಿ ಕಾಫಿ ತಂದೆ. ಬಂದು ನೋಡಿದರೆ ಪಿನ್ನು ಆನೆಗಳ ಹೊಟ್ಟೆಯ ಕೆಳಗಿತ್ತು. ಮೊದಲು ದಾಳಿ, ಆಮೇಲೆ ಮರ್ಯಾದೆ ಕಳೆಯುವುದು ಎಂದು ಲೆಕ್ಕ ಹಾಕಿದೆ. ನಮ್ಮ ಆಟದಲ್ಲಿ ದಾಳಿಯ ದೂರವನ್ನು ಕಣ್ಣಳತೆಯಲ್ಲೇ ಅಂದಾಜಿಸಬೇಕು. ಬಾಯಿಬಿಟ್ಟು ಹೇಳಿದ ಮೇಲಷ್ಟೇ ಟೇಪು. ನನ್ನ ಕಣ್ಣು ತಪ್ಪುವುದಿಲ್ಲ.

“ಇಡೀ ಸಾಲು, ಆನೆಗಳ ಮೇಲೆ ದಾಳಿ,” ಎಂದು ಘೋಷಿಸಿದೆ. ಅನಂತರ ಪಿನ್ನು ತೋರಿಸಿದೆ. “ಇದೇನು? ಇದೂ ಗಾಳಿಯೋ?”

ಅವನು ಬಗ್ಗಿ ನೋಡಿದ. ಹಲ್ಲು ಕಿರಿದ. “ಅಯ್ ನಿನ್ನ, ಸರ್ವೆ ಕಲ್ಲು ನೆಟ್ಬುಟ್ಟಿದ್ದೀಯಲ್ಲೋ!”

“ಹಿಂದಕ್ಕೆ ತೆಗಿ.”

“ತೆಗೀತೀನಿ ಕಣಪ್ಪಾ, ಅದ್ಯಾಕಂಗೆ ಕಿರಿಚ್ಕಂತೀಯಾ?” ಎನ್ನುತ್ತ ಒಂದೊಂದೇ ಆನೆಯನ್ನು ಪಿನ್ನಿನ ಹಿಂದಕ್ಕೆ ಸರಿಸಿದ. ಅಷ್ಟು ಅಚ್ಚುಕಟ್ಟಾಗಿ ಅವನು ಏನನ್ನಾದರೂ ಇಟ್ಟಿದ್ದು ಅದೇ ಮೊದಲು. ಆಮೇಲೆ ಟೇಪಿನ ತುದಿಯನ್ನು ನನ್ನ ಕಡೆ ಚಾಚಿದ. “ಈಗ ನಿನ್ನ ದಾಳಿ ಅಳಿ.”

ಅಳೆದೆ. ಎರಡು ಬೆರಳು ಸಾಲಲಿಲ್ಲ.

ದಾಳಿ ಮುಟ್ಟದಿದ್ದರೆ ಸಾಲು ಚದುರಿದಂತೆ. ಚದುರಿದ ಸಾಲು ಆ ಸರದಿಗೆ ಗುರಾಣಿ ಎತ್ತುವಂತಿಲ್ಲ. ಆನೆ ಇದ್ದ ಜಾಗ ನೋಡಿ ದಾಳಿ ಹೇಳಿದ್ದು, ಅದು ಕಳ್ಳ ಜಾಗ, ಆದ್ದರಿಂದ ಹೇಳಿದ್ದು ರದ್ದು ಎಂದು ವಾದಿಸಬಹುದಿತ್ತು. ಆದರೆ ಬಾಯಿಂದ ಬಂದ ದಾಳಿಗೆ ರದ್ದಿಲ್ಲವೆಂಬ ನಿಯಮ ನನ್ನದೇ. ಅದನ್ನು ಹಿಡಿದು ಅವನನ್ನು ಎಷ್ಟು ಸಲ ಸೋಲಿಸಿದ್ದೇನೋ! ನಿಯಮ ಸರಿಯಾಗಿಯೇ ಇದೆ. ಕದ್ದದ್ದನ್ನು ಹಿಂದಿರುಗಿಸಿ ಲಾಭ ಮಾಡಿಕೊಂಡವನನ್ನು ನಾನು ಅವನೊಬ್ಬನನ್ನೇ ಕಂಡದ್ದು.

ಕುಂಕುಮಕ್ಕೆ ಕಣ್ಣು ಮುಚ್ಚಿಹೋಗಿದ್ದ ಆನೆಯೇ ಮೊದಲು ನುಗ್ಗಿತು. ಊಟದ ಹೊತ್ತಿಗೆ ಕೆಂಪು ಗುರಾಣಿಗಳೆಲ್ಲ ಡಬ್ಬಿ ಸೇರಿದ್ದವು.

ಅವನು ಆನೆಗಳನ್ನು ಒಟ್ಟುಮಾಡುತ್ತ, “ಇರ್ಲಿ ಬುಡ್ಲಾ, ಮೇಜು ಇಲ್ಲೇ ಇರ್ಲಿ. ನಾನೇ ಬತ್ತೀನಿ,” ಅಂದ.

ಗೆಲ್ಲಲು ಬರದವನಿಗೆ ಗೆದ್ದದ್ದನ್ನು ಇಟ್ಟುಕೊಳ್ಳಲೂ ಬರುವುದಿಲ್ಲ. “ಮಾತು ಮಾತೇ. ಗಾಡಿ ತರಿಸು,” ಎಂದೆ.

ಮರುದಿನ ಗೂಡ್ಸ್ ಆಟೊ ಬಂತು. ಮೇಜು ಮಹಡಿ ಬಾಗಿಲಲ್ಲಿ ಓರೆಯಾಗಿ ಸಿಕ್ಕಿಕೊಂಡಿತು. ಅವನು ಆ ಕಡೆಯಿಂದ ಭುಜ ಕೊಟ್ಟು ತಳ್ಳುತ್ತಲೇ ಇದ್ದ; ಮೊದಲು ಕಾಲು ಬಿಚ್ಚಬೇಕೆಂದು ನಾನು ಈ ಕಡೆಯಿಂದ ಹೇಳುತ್ತಲೇ ಇದ್ದೆ.