ಭಾವನ ಬಲಗಾಲು

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಅವರನ್ನು ಕಂಡರೆ ಆಗದವರು ಈ ಊರಿನ ಪ್ರತಿ ಎತ್ತರದ ಕಟ್ಟಡದಲ್ಲೂ ಒಬ್ಬರಾದರೂ ಇದ್ದಾರೆ, ಎಲ್ಲರೂ ಮೇಲಿನ ಮಹಡಿಯವರೇ. ಲಿಫ್ಟ್ ಬಂದು ನಿಂತಾಗ ಅದರ ನೆಲ, ಮಹಡಿಯ ನೆಲ ಎರಡೂ ಒಂದೇ ಮಟ್ಟಕ್ಕಿರಬೇಕು. ಬ್ರೇಕ್ ಹಿಡಿಯುವುದು ಕಣ್ಣು ಮಿಟುಕಿಸುವಷ್ಟು ತಡವಾದರೂ ಒಂದು ಬೆರಳಿನಷ್ಟು ತಗ್ಗು ಉಳಿಯುತ್ತದೆ. ಇವರು ಮಂಡಿಯೂರಿ ಆ ಜಾಗಕ್ಕೆ ಬೆರಳಿಟ್ಟು ನೋಡುತ್ತಾರೆ. ತಗ್ಗು ಬೆರಳಿಗೆ ಸಿಕ್ಕಿತೋ, ಬೀಗ ಜಡಿದು ಬೋರ್ಡ್ ನೇತುಹಾಕಿ ಬರುತ್ತಾರೆ. ಒಮ್ಮೆ ಎಂಟನೇ ಮಹಡಿಯ ನಿವೃತ್ತ ಅಧಿಕಾರಿಯೊಬ್ಬರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಮ್ಮ ಮನೆಗೇ ಫೋನ್ ಮಾಡಿ, "ಒಂದು ಬೆರಳಿಗೆ ಇಷ್ಟು ರಂಪಾನಾ?" ಎಂದು ಕೂಗಾಡಿದರು. "ಇವತ್ತು ಬೆರಳು ಸಾರ್, ನಾಳೆ ಮೊಳ" ಎಂದು ಹೇಳಿ ಇವರು ಫೋನ್ ಇಟ್ಟರು.

ಇಂಥ ಮನುಷ್ಯ ಮೂವತ್ತೊಂದು ವರ್ಷದಿಂದ ಒಂದು ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಾರೆ ಎಂದರೆ ಯಾರೂ ನಂಬುವುದಿಲ್ಲ. ರಾಕ್ ಎಂದರೂ ಕುಣಿದು ಕುಪ್ಪಳಿಸುವ ಜಾತಿಯದಲ್ಲ, ಆಲ್ಟರ್ನೇಟಿವ್ ರಾಕ್. ಹಾಗಂದರೇನು ಎಂದು ಮದುವೆಗೆ ಮುಂಚೆ ಕೇಳಿದ್ದೆ. "ಜನಕ್ಕೆ ತುಂಬ ಇಷ್ಟ ಆಗಿಬಿಟ್ರೆ ನಮಗೇ ಅನುಮಾನ ಬರುತ್ತಲ್ಲ, ಅಂಥದ್ದು" ಎಂದಿದ್ದರು. ಪಾಪ, ಅವರಿಗೆ ಅನುಮಾನ ಬರುವ ಸಂದರ್ಭವೇ ಹೆಚ್ಚು ಒದಗಲಿಲ್ಲ. ಆದರೂ ಆರು ಆಲ್ಬಮ್ ಮಾಡಿದರು. ಹಾಡುವವರು ಶಾಲೆಯಲ್ಲಿ ಲೆಕ್ಕ ಕಲಿಸುವ ಮೇಷ್ಟ್ರು. ಗಿಟಾರ್ ನುಡಿಸುವವನು ಗಡಿಯಾರ ರಿಪೇರಿಯವನು, ಹೊತ್ತಿಗೆ ಸರಿಯಾಗಿ ಒಂದು ದಿನವೂ ಬಂದವನಲ್ಲ. ಡ್ರಮ್ಸ್ ಬಾರಿಸುವವನು ನನ್ನ ಸ್ವಂತ ಅಣ್ಣ, ಸಿಟಿ ಬಸ್ಸಿನ ಡ್ರೈವರ್. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಅವನ ಬಸ್ಸಿಗೆ ಒಂದು ಗೀರೂ ಬಿದ್ದಿಲ್ಲ.

ವೇದಿಕೆಯ ಮೇಲೆ ನನ್ನ ಗಂಡ ಅಲ್ಲಾಡುವುದಿಲ್ಲ, ಅದಕ್ಕೇ ಬ್ಯಾಂಡಿನಲ್ಲಿ ಅವರ ಹೆಸರು ಕಂಬ. ಜನರ ಕಡೆಗೂ ನೋಡುವುದಿಲ್ಲ. ನೋಡುವುದೆಲ್ಲ ನನ್ನ ಅಣ್ಣನ ಬಲಗಾಲನ್ನು. ಆ ಕಾಲು ಪೆಡಲ್ ತುಳಿದರೆ ನೆಲದ ಮೇಲಿನ ದೊಡ್ಡ ಡ್ರಮ್ ಗುದ್ದುತ್ತದೆ, ಆ ಗುದ್ದಿನ ಜೊತೆಗೇ ಇವರ ದಪ್ಪ ತಂತಿ ಮೊಳಗಬೇಕು. ಎರಡೂ ಸೇರಿ ಒಂದೇ ಏಟು, ಕೇಳುವವರಿಗೆ ಅಲ್ಲಿ ಇಬ್ಬರಿದ್ದಾರೆ ಎಂದೇ ಗೊತ್ತಾಗಬಾರದು. "ನನ್ನ ಮುಖಕ್ಕಿಂತ ನಮ್ಮಣ್ಣನ ಕಾಲನ್ನೇ ಹೆಚ್ಚು ನೋಡಿದ್ದೀರಿ" ಎಂದು ನಾನು ಆಗಾಗ ರೇಗಿಸುತ್ತಿದ್ದೆ. ಇವರೂ ಅವನಿಗೆ ಭಾವ, ಅವನೂ ಇವರಿಗೆ ಭಾವ. ಆ ಇಬ್ಬರ ನಡುವೆ ನಾನು ಬಂದದ್ದು ಅವರ ಸ್ನೇಹ ಶುರುವಾಗಿ ಎರಡು ವರ್ಷದ ಮೇಲೆ.

ಹನ್ನೊಂದು ವರ್ಷ ಬರೀ ವೇದಿಕೆಯಲ್ಲಿ ನುಡಿಸಿಕೊಂಡಿದ್ದು ಈಗ ಏಳನೇ ಆಲ್ಬಮ್ಮಿಗೆ ಕೂತರು. ಎಲ್ಲರೂ ಐವತ್ತೈದು ದಾಟಿದವರು. ಕೊನೆಯದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ. ಸ್ಟುಡಿಯೋ ಮೊದಲು ಮುದ್ರಣಾಲಯವಾಗಿದ್ದ ಕಟ್ಟಡ. ಗೋಡೆಗೆಲ್ಲ ದಪ್ಪ ಕಂಬಳಿ ಹೊಡೆದಿದ್ದರು, ಒಂದು ಮೂಲೆಯಲ್ಲಿ ಇನ್ನೂ ಶಾಯಿಯ ವಾಸನೆ ಇತ್ತು. ಗಾಜಿನ ಆಚೆ ಧ್ವನಿಮುದ್ರಣ ಮಾಡುವ ಹೆಂಗಸು. ಮೂವತ್ತೈದರ ಆಸುಪಾಸು, ಮಾತು ಕಡಿಮೆ, ಕಿವಿ ಸೂಜಿ. ಕಾಲೇಜಿನಲ್ಲಿದ್ದಾಗ ಇವರ ಎರಡನೇ ಆಲ್ಬಮ್ ಕೇಳಿಯೇ ಈ ಕೆಲಸಕ್ಕೆ ಇಳಿದವಳಂತೆ. ಅವಳ ಪಕ್ಕದ ಸ್ಟೂಲಿನಲ್ಲಿ ನಾನು. ನನ್ನದು ಬಟ್ಟೆ ಹೊಲಿಯುವ ಕೆಲಸ, ಹೆಮ್ಮಿಂಗ್ ಮಾಡಬೇಕಾದ ಒಂದು ರಾಶಿ ಬಟ್ಟೆ ಜೊತೆಗೇ ತಂದಿದ್ದೆ.

ಈ ಬ್ಯಾಂಡಿನ ಪದ್ಧತಿ ಏನೆಂದರೆ ನಾಲ್ವರೂ ಒಂದೇ ಕೋಣೆಯಲ್ಲಿ ನಿಂತು ಹಾಡನ್ನು ಮೊದಲಿಂದ ಕೊನೆಯವರೆಗೆ ನುಡಿಸಬೇಕು. ತಪ್ಪಿದರೆ ಮತ್ತೆ ಮೊದಲಿಂದ. ಆಮೇಲೆ ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸಿ ಅಂಟಿಸುವುದು ನಿಷಿದ್ಧ.

ಗುರುವಾರ ನಿಧಾನದ ಹಾಡುಗಳು ಸಲೀಸಾಗಿ ಮುಗಿದವು. ಶುಕ್ರವಾರ ವೇಗದ ಹಾಡು ಎತ್ತಿಕೊಂಡರು. ಅರ್ಧಕ್ಕೆ ಬಂದಾಗ ಪಕ್ಕದವಳು ಒಳಗಿನವರ ಜೊತೆ ಮಾತಾಡುವ ಮೈಕಿನ ಗುಂಡಿ ಒತ್ತಿ, "ಸಾರಿ, ಒಂದ್ನಿಮಿಷ. ಕೆಳಗಿನ ದಪ್ಪ ಸದ್ದು ಹಿಂದೆ ಬೀಳ್ತಿದೆ. ಡ್ರಮ್ಮೋ ಬೇಸೋ ಗೊತ್ತಾಗ್ತಿಲ್ಲ, ಬೇರೆ ಬೇರೆ ಮಾಡಿ ಕೇಳಿ ಹೇಳ್ತೀನಿ" ಎಂದಳು.

ಅವಳ ಮಾತು ಮುಗಿಯುವ ಮೊದಲೇ ನನ್ನ ಗಂಡ ಕೈ ಎತ್ತಿದರು. "ಕೇಳೋದೇನೂ ಬೇಡ. ನನ್ನದೇ ತಪ್ಪು. ಬೆರಳು ಓಡ್ತಿಲ್ಲ."

ಕಳ್ಳ ತಾನೇ ಒಪ್ಪಿಕೊಂಡ ಮೇಲೆ ಹುಡುಕುವವರು ಯಾರು? ಅವಳೂ ಬಿಟ್ಟಳು. ಮತ್ತೆ ನುಡಿಸಿದರು, ಮತ್ತೆ ತಡ. ಒಂಬತ್ತು ಸಲ. ಪ್ರತಿ ಸಲವೂ ಇವರು ಕೈ ಎತ್ತುವುದು, ಮೇಷ್ಟ್ರು ಮೈಕಿನ ಮುಂದೆ ಕಣ್ಣು ಮುಚ್ಚಿ ಉಸಿರು ಬಿಡುವುದು. ಶನಿವಾರವೂ ಅದೇ ಕತೆ. ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡದ ಹಾಗಾಯಿತು. ನನ್ನ ಅಣ್ಣ ಬೇರೆ ಉಪದೇಶ ಶುರುಮಾಡಿದ. "ಭಾವ, ಮನೆಯಲ್ಲಿ ದಿನಾ ಅರ್ಧ ಗಂಟೆ ಅಭ್ಯಾಸ ಮಾಡು ಅಂದ್ರೆ ಮಾಡಲ್ಲ ನೀನು. ನನ್ನ ನೋಡು, ಒಂದಿನ ತಪ್ಪಿಸಲ್ಲ." ಇವರು ಹೌದೆಂದು ತಲೆಯಾಡಿಸಿದರು.

ಸಂಜೆ ನಾಲ್ಕಕ್ಕೆ ಮೇಷ್ಟ್ರು ನೆಲ ನೋಡುತ್ತ ಹೇಳಿದರು. "ಕಂಬ, ತಪ್ಪು ತಿಳ್ಕೋಬೇಡ. ನಾಲ್ಕು ವೇಗದ ಹಾಡಿಗೆ ಮಾತ್ರ ನಾಳೆ ಬೇರೆ ಒಬ್ಬನ್ನ ಕರೆಸೋಣ. ಮಧ್ಯಾಹ್ನ ಹನ್ನೆರಡಕ್ಕೆ ಬರ್ತಾನೆ. ಇದೊಂದು ಆಲ್ಬಮ್ ಕೆಟ್ಟರೆ ನಮಗೆ ಇನ್ನೊಂದಿಲ್ಲ."

"ಕರೆಸಿ" ಎಂದರು ಇವರು.

ಅಣ್ಣ ಕೋಲುಗಳನ್ನು ನೆಲಕ್ಕೆ ಎಸೆದ. "ಭಾವ ಇಲ್ಲದೆ ನಾನು ನುಡಿಸಲ್ಲ. ಮೂವತ್ತೊಂದು ವರ್ಷ ನನ್ನ ಪಕ್ಕ ನಿಂತವನು ಅವನು!" ಎಂದು ಕೂಗಿದ. ಇವರೇ ಅವನ ಭುಜ ಹಿಡಿದು ಸಮಾಧಾನ ಮಾಡಬೇಕಾಯಿತು. ಗಾಜಿನ ಆಚೆ ಕೂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಉರಿ ಎಂದು ಮಾತ್ರ ಗೊತ್ತಿರಲಿಲ್ಲ.

ಮನೆಗೆ ಬಂದು ಇವರು ಕೈಕಾಲು ತೊಳೆದು ಅಡುಗೆಮನೆಯಲ್ಲಿ ಕೂತರು. ನಾನು ಚಹಾ ಲೋಟವನ್ನು ಮುಂದಿಟ್ಟೆ, ಸ್ವಲ್ಪ ಜೋರಾಗಿಯೇ ಇಟ್ಟೆ.

"ಬೆಳಿಗ್ಗೆ ನನ್ನ ಸೂಜಿಗೆ ದಾರ ಪೋಣಿಸಿದ್ದು ಯಾರು? ಒಂದೇ ಸಲಕ್ಕೆ, ಕನ್ನಡಕಾನೂ ಇಲ್ಲದೆ? ಆ ಬೆರಳು ಓಡಲ್ಲ ಅಂತ ಊರಿಗೆಲ್ಲ ಸಾರ್ತಿದ್ದೀರಲ್ಲ, ಯಾಕ್ರೀ?"

ಅವರು ಚಹಾ ಕುಡಿದರು. ಲೋಟ ತೊಳೆದಿಟ್ಟರು. ಹಿಡಿದ ಹಟ ಬಿಡದೆ ನಾನು ಬಾಗಿಲಿಗೆ ಅಡ್ಡ ನಿಂತೆ. ಕೊನೆಗೆ ಹೇಳಿದರು.

"ನಿಮ್ಮಣ್ಣನ ಕಾಲು ಕಣೇ. ಕೈ ಸರಿಯಾಗೇ ಇದೆ, ಬಲಗಾಲು ಹಿಂದೆ ಬೀಳ್ತಿದೆ. ನಿಧಾನದ ಹಾಡಲ್ಲಿ ತಿಳಿಯಲ್ಲ. ವೇಗದ್ದರಲ್ಲಿ ತಿಳಿಯುತ್ತೆ."

"ಯಾವಾಗಿಂದ?"

"ಎರಡು ವರ್ಷ ಆಯ್ತು. ಅವನು ಎಷ್ಟು ತಡ ಮಾಡ್ತಾನೋ ನಾನೂ ಅಷ್ಟೇ ತಡ ಮಾಡ್ತೀನಿ. ಎರಡೂ ಒಟ್ಟಿಗೆ ಬಿದ್ರೆ ಜನಕ್ಕೂ ಗೊತ್ತಾಗಲ್ಲ, ಅವನಿಗೂ ಗೊತ್ತಾಗಲ್ಲ."

"ಅಣ್ಣನಿಗೇ ಗೊತ್ತಿಲ್ವಾ?"

"ಹೇಗೆ ಗೊತ್ತಾಗುತ್ತೆ? ಅವನು ತುಳಿದಾಗೆಲ್ಲ ನಾನು ಅಲ್ಲೇ ಇರ್ತೀನಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗಾದೆ. ಇಲ್ಲಿ ಎಮ್ಮೆಯೇ ಬಂದು ಬೆನ್ನು ಒಡ್ಡಿತ್ತು. ನನಗೆ ಅಳು ಬಂತು. ನನ್ನ ಅಣ್ಣನ ಮಾನ ಉಳಿಸಲು ತನ್ನ ಹೆಸರನ್ನೇ ಕಳೆದುಕೊಳ್ಳಲು ಹೊರಟ ಗಂಡನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂತು, ಸುಳ್ಳು ಯಾಕೆ ಹೇಳಲಿ. ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತೆ.

ಆಮೇಲೆ ಹೊರಗೆ ತಿರುವಿನಲ್ಲಿ ಒಂದು ಬಸ್ಸು ಬ್ರೇಕ್ ಹಾಕಿದ ಸದ್ದು ಕೇಳಿಸಿತು.

"ರೀ" ಎಂದೆ. "ಬಸ್ಸಿನ ಬ್ರೇಕ್ ಯಾವ ಕಾಲಲ್ಲಿ ತುಳೀತಾರೆ?"

ಅವರ ಮುಖ ನೋಡಿದರೆ ಈ ಪ್ರಶ್ನೆ ಅವರಿಗೆ ಹೊಸದಲ್ಲ ಎಂದು ಗೊತ್ತಾಗುತ್ತಿತ್ತು. ಎಲ್ಲೋ ಒಳಗೆ ತಳ್ಳಿ ಬಾಗಿಲು ಹಾಕಿಕೊಂಡಿದ್ದರು.

"ಅದು ಬೇರೆ ಕಣೇ. ಹಾಡಿನ ವೇಗ ಬೇರೆ, ಬಸ್ಸಿನ..."

"ಸೋಮವಾರ ಬೆಳಿಗ್ಗೆ ಆರಕ್ಕೆ ಅವನ ಡ್ಯೂಟಿ. ಏಳೂವರೆ ಟ್ರಿಪ್ಪಲ್ಲಿ ಶಾಲೆ ಮಕ್ಕಳು ನಿಂತುಕೊಂಡು ಹೋಗ್ತಾರೆ."

"ಗೊತ್ತು."

"ವರ್ಷಕ್ಕೊಂದ್ಸಲ ಡಿಪೋದಲ್ಲಿ ಕಣ್ಣು ನೋಡ್ತಾರೆ, ಬಿಪಿ ನೋಡ್ತಾರೆ. ಕಾಲು ಯಾರು ನೋಡ್ತಾರೆ? ನೋಡಿದವರು ನೀವೊಬ್ಬರೇ."

ಹೇಳುವುದು ಸುಲಭ. ಹೇಳಿ ಮುಗಿಸಿದ ಮೇಲೆ ನನಗೇ ಹೆದರಿಕೆಯಾಯಿತು. ಅಣ್ಣನ ನಿವೃತ್ತಿಗೆ ಎರಡು ವರ್ಷ ಬಾಕಿ. ಅತ್ತಿಗೆ ತೀರಿಕೊಂಡ ಮೇಲೆ ಅವನಿಗೆ ಇದ್ದದ್ದೇ ಎರಡು, ಬೆಳಿಗ್ಗೆ ಬಸ್ಸು, ಸಂಜೆ ಡ್ರಮ್. ಎರಡೂ ಆ ಒಂದು ಕಾಲಿನ ಮೇಲೆ ನಿಂತಿದ್ದವು. ಅತ್ತ ದರಿ ಇತ್ತ ಪುಲಿ. ಇನ್ನೆರಡು ವರ್ಷ ತಾನೇ, ಏನೂ ಆಗದೆ ಕಳೆದುಹೋಗಬಹುದು ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಒಳ್ಳೆಯವಳ ಹಾಗೆ ಬರೆದುಕೊಳ್ಳಲು ನನಗೆ ಇಷ್ಟವಿಲ್ಲ, ಅನ್ನಿಸಿದ್ದು ನಿಜ.

"ನಾನು ಹೇಳ್ಲಾ?" ಎಂದೆ.

"ಬೇಡ. ಬಾಯಲ್ಲಿ ಹೇಳಿದ್ರೆ ನಂಬಲ್ಲ ಅವನು. 'ನಿನ್ನ ಗಂಡ ತನ್ನ ತಪ್ಪನ್ನ ನನ್ನ ಮೇಲೆ ಹಾಕ್ತಿದ್ದಾನೆ' ಅಂತಾನೆ."

ಭಾನುವಾರ ಹತ್ತಕ್ಕೆ ಸ್ಟುಡಿಯೋ ತಲುಪಿದೆವು. "ಅವನು ಬರೋದು ಹನ್ನೆರಡಕ್ಕಲ್ವಾ? ಅಷ್ಟರೊಳಗೆ ಒಂದೇ ಒಂದು ಸಲ ನುಡಿಸ್ತೀನಿ" ಎಂದು ಇವರು ಮೇಷ್ಟ್ರನ್ನು ಕೇಳಿದರು. ಗಿಟಾರ್ ಹೆಗಲಿಗೇರಿಸಿ ಹೋಗಿ ಗಡಿಯಾರದವನ ಎದುರಿಗೆ ನಿಂತರು. ನನ್ನ ಅಣ್ಣನಿಗೆ ಬೆನ್ನು. ಇಷ್ಟು ವರ್ಷದಲ್ಲಿ ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ಹಾಡು ಶುರುವಾಯಿತು. ಇವರ ತಂತಿ ಗಿಟಾರಿನ ಜೊತೆಗೆ, ಅಣ್ಣನ ಕೈಯೇಟಿನ ಜೊತೆಗೆ, ನೂಲು ಹಿಡಿದಷ್ಟು ನೇರವಾಗಿ ಹೋಗುತ್ತಿತ್ತು. ಕಾಲಿನ ಗುದ್ದು ಮಾತ್ರ ಹಿಂದೆ ಉಳಿಯಿತು. ಒಂದು ಏಟು ಬೀಳಬೇಕಾದ ಕಡೆ ಎರಡು ಬೀಳುತ್ತಿದ್ದವು. ಮೊದಲು ಇವರದು, ಆಮೇಲೆ ಅವನದು. ಹೊಲಿಗೆಯವಳಾದ ನನ್ನ ಕಿವಿಗೂ ಕೇಳಿಸಿತು. ಸೂಜಿ ಹೆಬ್ಬೆರಳಿಗೆ ಚುಚ್ಚಿತು.

ಅಣ್ಣ ನಿಲ್ಲಿಸಿದ. "ಏನು ಭಾವ, ಯಾಕೆ ಓಡ್ತಿದ್ದೀಯ? ಈ ಕಡೆ ತಿರುಗು, ನನ್ನ ನೋಡು."

ಇವರು ತಿರುಗಲಿಲ್ಲ. ನನ್ನ ಪಕ್ಕದವಳು ಗುಂಡಿ ಒತ್ತಿದಳು. "ಇಲ್ಲ ಸರ್. ಇವತ್ತು ಬೇಸ್ ಸರಿಯಾಗಿದೆ."

ಮೇಷ್ಟ್ರು ಮೈಕಿನಿಂದ ದೂರ ಸರಿದರು.

"ನನ್ನದೊಂದನ್ನೇ ಹಾಕಮ್ಮ" ಎಂದ ಅಣ್ಣ.

ಅವಳು ಹಾಕಿದಳು. ಎಲ್ಲ ಸದ್ದೂ ಹೋಗಿ ಡ್ರಮ್ ಒಂದೇ ಉಳಿಯಿತು. ಅವನು ತಲೆ ವಾರೆ ಮಾಡಿ ಕೇಳಿದ. ನಲವತ್ತು ವರ್ಷ ಬಾರಿಸಿದ ಕಿವಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನ ಕೈ ತಾನಾಗಿಯೇ ಬಲಮೊಣಕಾಲಿನ ಮೇಲೆ ಹೋಯಿತು.

"ಯಾವಾಗಿಂದ ಭಾವ?"

"ಎರಡು ವರ್ಷ."

"ನಿನಗೆ ಗೊತ್ತಿತ್ತು."

"ಹೂಂ."

ಅಣ್ಣ ಎದ್ದು ಬಂದ. ಹೊಡೆದೇಬಿಡುತ್ತಾನೆ ಎಂದು ನಾನು ಬಾಗಿಲು ತಳ್ಳಿಕೊಂಡು ಒಳಗೆ ಓಡಿದೆ. ಅವನು ಹೊಡೆಯಲಿಲ್ಲ. ಇವರ ಮುಖಕ್ಕೆ ಮುಖ ಕೊಟ್ಟು ನಿಂತ.

"ಎರಡು ವರ್ಷ. ದಿನಕ್ಕೆ ಆರು ಟ್ರಿಪ್. ಲೋ, ನಾನೊಂದು ಲಿಫ್ಟ್ ಆಗಿದ್ರೆ ಮೊದಲನೇ ದಿನಾನೇ ಬೀಗ ಹಾಕಿರ್ತಿದ್ದೆ ನೀನು. ಭಾವ ಅಂತ ಬಿಟ್ಯಾ?"

ನಾನು "ಅಣ್ಣ" ಎಂದು ಏನೋ ಹೇಳಲು ಹೋದೆ. "ಸುಮ್ನಿರು ಪುಟ್ಟಿ" ಎಂದು ಜೇಬಿನಿಂದ ಫೋನ್ ತೆಗೆದ. ಡಿಪೋದ ಸೂಪರ್ವೈಸರ್‌ಗೆ ಎಲ್ಲರೆದುರಿಗೇ ಫೋನ್ ಮಾಡಿದ.

"ನಾಳೆ ನನ್ನ ಹೆಸರಿಗೆ ಬಸ್ ಹಾಕ್ಬೇಡಿ. ನಾಳೆ ಅಂತಲ್ಲ, ಹಾಕ್ಲೇಬೇಡಿ. ಕಾಲು ಸರಿಯಿಲ್ಲ. ಇಲ್ಲ ಸಾರ್, ಏನೂ ಆಗಿಲ್ಲ, ಎಲ್ಲೂ ಬಿದ್ದಿಲ್ಲ. ಆಗೋಕೆ ಮುಂಚೆ ಹೇಳ್ತಿದ್ದೀನಿ. ಡಾಕ್ಟರ ಹತ್ರ ತೋರಿಸಿ, ಅವರು ಬರೆದುಕೊಟ್ಟಿದ್ದನ್ನ ತಂದು ಕೊಡ್ತೀನಿ."

ಫೋನ್ ಇಟ್ಟು ಮೇಷ್ಟ್ರ ಕಡೆ ತಿರುಗಿದ. "ಹನ್ನೆರಡಕ್ಕೆ ಬರೋ ಬೇಸಿನವನಿಗೆ ಬೇಡ ಅಂತ ಹೇಳು. ವೇಗದ ಹಾಡಿಗೆ ಡ್ರಮ್ಮಿನವನನ್ನ ಹುಡುಕು. ಆದ್ರೆ ಇವತ್ತಿನ ದಿನ ನಂದು."

ಹೋಗಿ ತನ್ನ ಸ್ಟೂಲಿನಲ್ಲಿ ಕೂತ. ಕೋಲು ಎತ್ತಿಕೊಂಡ. "ಭಾವ, ಈ ಕಡೆ ತಿರುಗು. ನಿನ್ನ ವೇಗದಲ್ಲೇ ನುಡಿಸು, ನನಗೆ ಕಾಯಬೇಡ. ಕಾಲು ಎಲ್ಲೆಲ್ಲಿ ಹಿಂದೆ ಬೀಳುತ್ತೋ ಅಲ್ಲಲ್ಲಿ ಬಾಯಿಬಿಟ್ಟು ಹೇಳು. ಎರಡು ವರ್ಷದ್ದೂ ಹೇಳು. ನಂಗೆ ಕೇಳಿಸ್ಕೋಬೇಕು."

"ಬೇಡ ಭಾವ."

"ಹೇಳ್ತೀಯೋ ಇಲ್ವೋ?"

ಅಣ್ಣ ಕೋಲಿಗೆ ಕೋಲು ಬಡಿದು ನಾಲ್ಕು ಎಣಿಸಿದ. ಮೇಷ್ಟ್ರು ಹಾಡಲಿಲ್ಲ, ಗಡಿಯಾರದವನೂ ಗಿಟಾರ್ ಮುಟ್ಟಲಿಲ್ಲ. ಅವರಿಬ್ಬರೇ ನುಡಿಸಿದರು. ಮೊದಲ ಸುತ್ತು ಸರಿಯಾಗಿ ಬಂತು. ಎರಡನೆಯದರ ಮಧ್ಯೆ ಕಾಲು ಹಿಂದೆ ಉಳಿಯಿತು.

"ತಡ" ಎಂದರು ನನ್ನ ಗಂಡ.

ಅಣ್ಣ ತಲೆಯಾಡಿಸಿ ಬಾರಿಸುತ್ತಲೇ ಇದ್ದ.

"ತಡ." ಒಂದು ಸುತ್ತು ಬಿಟ್ಟು ಮತ್ತೆ, "ತಡ." ನಾಲ್ಕನೆಯ ಸಲಕ್ಕೆ ಇವರ ದನಿ ಒಡೆಯಿತು, ಕಣ್ಣಿನಿಂದ ನೀರು ಇಳಿದು ಗಿಟಾರಿನ ಮೇಲೆ ಬಿತ್ತು. ಆದರೂ ಬೆರಳು ನಿಲ್ಲಲಿಲ್ಲ, ಹಿಂದೆ ಬೀಳಲೂ ಇಲ್ಲ. ಅಣ್ಣ "ಜೋರಾಗಿ ಹೇಳೋ" ಎಂದ. ಇವರು ಜೋರಾಗಿ ಹೇಳಿದರು.