ಚಾನ್‌ಪೆಂಗಳ ಸೈಕಲ್ ಹರಕೆ

ಆಡು ಮುಟ್ಟದ ಸೊಪ್ಪಿಲ್ಲ, ಚಾನ್‌ಪೆಂಗ್ ಹಿಡಿಯದ ಹಠವಿಲ್ಲ. ವರ್ಷಕ್ಕೊಂದು ಪ್ರಾಣಿಯ ಹೆಸರಿಡುವ ಅವಳ ನಾಡಿನ ಲೆಕ್ಕದಲ್ಲಿ ಅವಳು ಹುಟ್ಟಿದ್ದೂ ಆಡಿನ ವರ್ಷದಲ್ಲೇ. ಥಾಯ್ಲೆಂಡಿನ ಚಿಯಾಂಗ್ ಮಾಯ್ ಕಡೆ ಆ ವರ್ಷ ಹುಟ್ಟಿದವರಿಗೆಲ್ಲ ಸುಥೇಪ್ ಬೆಟ್ಟದ ಮೇಲಿನ ಗುಡಿಯಲ್ಲಿರುವ ಬುದ್ಧನ ಅಸ್ಥಿಯೇ ಮನೆದೇವರಿದ್ದಂತೆ. ಮಾರುಕಟ್ಟೆಯ ಬಾಗಿಲಲ್ಲಿ ಖಾವ್ ಸೊಯ್ ಎಂಬ ಶಾವಿಗೆ ಸಾರು ಮಾರುವ ಈ ವಿಧವೆ ಗಿರಾಕಿಗಳನ್ನೇ ಗದರುತ್ತಾಳೆ. ಆದರೂ ಅವರು ಅವಳ ಅಂಗಡಿಗೇ ಬರುತ್ತಾರೆ.

ತಮ್ಮ ಇನ್‌ತಾನ ಕೆಂಪು ಬಾಡಿಗೆ ಗಾಡಿಯ ಹಿಂಬದಿಯಿಂದ ಬಿದ್ದು ಒಮ್ಮೆ ಅವಳ ಎಡಗಾಲು ಮುರಿಯಿತು. ಇನ್ನು ಕೋಲೇ ಗತಿ ಎಂದರು ಡಾಕ್ಟರು. ಮಲಗಿದಲ್ಲೇ ಬೆಟ್ಟದ ಕಡೆ ಕೈಮುಗಿದು ಹರಕೆ ಹೊತ್ತಳು: ಕಾಲು ಕೊಡು, ಬೆಟ್ಟದ ಬುಡದಿಂದ ಸೈಕಲ್ ತುಳಿದು ನಿನ್ನ ಮೆಟ್ಟಿಲ ತನಕ ಬರುತ್ತೇನೆ, ಯಾರ ಕೈಯೂ ಸೋಕಬಾರದು. ಮಾರುಕಟ್ಟೆಗೆ ಮಾರುಕಟ್ಟೆಯೇ ನಕ್ಕಿತು. ನಗಲಿ, ಅವಳಿಗೇನು!

ಕಾಲು ಕೂಡಿಕೊಂಡ ಮೇಲೆ ಒಂದು ಬೆಳಿಗ್ಗೆ ಬೆಟ್ಟದ ಬುಡದಲ್ಲಿದ್ದ, ಆ ದಾರಿ ಮಾಡಿಸಿದ ಹಳೆಯ ಬೌದ್ಧ ಗುರುಗಳ ವಿಗ್ರಹಕ್ಕೆ ಹಾರ ಹಾಕಿ ಹೊರಟೇಬಿಟ್ಟಳು. ಇನ್‌ತಾ ಖಾಲಿ ಗಾಡಿಯಲ್ಲಿ ಬೆನ್ನುಹತ್ತಿದ.

“ಹತ್ತೇ ಅಕ್ಕಾ. ಮೇಲಿರೋನು ದಾರಿ ಕಾಯ್ತಾ ಕೂತಿದಾನಾ?”

“ನಿನ್ ಗಾಡಿ ಹತ್ತಿದ್ದಕ್ಕೇ ಕಣೋ ಕಾಲು ಮುರಿದಿದ್ದು. ಬಾಯ್ಮುಚ್ಕೊಂಡು ಬಾ!”

ಬಿಗಿ ಚಡ್ಡಿಯ ಹುಡುಗರು ಸೈಕಲ್ಲಿನಲ್ಲಿ ಹಿಂದಿನಿಂದ ಕೂಗಿದರು: “ಅಜ್ಜೀ, ಪಕ್ಕಕ್ಕೆ!”

“ಯಾರೋ ಅಜ್ಜಿ? ನಿಮ್ಮಮ್ಮಂಗೆ ತಂಗಿ ಆಗ್ತೀನಿ!”

ಕೊನೆಯ ತಿರುವು ಗೋಡೆ ಹತ್ತಿದಂತಿತ್ತು. ಗುಡಿಯ ಮೆಟ್ಟಿಲ ಬುಡದ ನಾಗಶಿಲ್ಪದ ಹೆಡೆಗಳು ಕಣ್ಣಿಗೆ ಬೀಳುವಷ್ಟರಲ್ಲಿ ಎಡಗಾಲು ಥರಗುಟ್ಟಿ ಸೈಕಲ್ ಹಿಂದಕ್ಕೆ ಜಾರಿತು. ಇನ್‌ತಾ ಗಾಡಿ ಬಿಟ್ಟು ಓಡಿಬಂದು ಸೀಟಿಗೆ ಕೈಕೊಟ್ಟು ನೂಕಿದ. ಸೈಕಲ್ ಮೆಟ್ಟಿಲ ಬುಡ ಮುಟ್ಟಿತು, ಅಲ್ಲಿ ಹೂ ಮಾರುತ್ತಿದ್ದವರು ಚಪ್ಪಾಳೆ ತಟ್ಟಿದರು. ಚಾನ್‌ಪೆಂಗಳ ಮುಖ ಕೆಂಡವಾಯಿತು.

“ಯಾರೋ ನಿನಗೆ ಮುಟ್ಟು ಅಂದಿದ್ದು?”

“ಇನ್ನೊಂದ್ಸಲ ನೀನು ಬೀಳೋದನ್ನ ನನ್ ಕೈಲಿ ನೋಡಕ್ಕಾಗಲ್ಲ ಅಕ್ಕಾ.”

ಆದರೂ ಅವಳು ಸೈಕಲನ್ನು ಕೆಳಕ್ಕೆ ತಿರುಗಿಸಿದಳು.

“ಅಮ್ಮಾ, ನಾಲ್ಕು ಮಾರು ತಾನೇ ನೂಕಿದ್ದು!” ಎಂದಳು ಹೂವಿನವಳು. “ಆ ತಿರುವಿಂದ ಮತ್ತೆ ತುಳಿದ್ರೆ ಸಾಲ್ದಾ?”

“ಹರಕೇಲಿ ಚೌಕಾಸಿ ಮಾಡಲ್ಲ,” ಎಂದವಳೇ ಬೆಟ್ಟದ ಬುಡದವರೆಗೂ ಇಳಿದುಹೋದಳು. ಅನ್ನದುಂಡೆಯೊಂದನ್ನು ನುಂಗಿ, ವಿಗ್ರಹಕ್ಕೆ ಮತ್ತೆ ಕೈಮುಗಿದು, ಮಧ್ಯಾಹ್ನದ ಬಿಸಿಲಲ್ಲಿ ಮೊದಲಿನಿಂದ ಶುರುಮಾಡಿದಳು. ಈ ಸಲ ಇನ್‌ತಾನ ಗಾಡಿ ಸ್ವಲ್ಪ ದೂರದಲ್ಲೇ ಹಿಂಬಾಲಿಸಿತು.

ಅದೇ ತಿರುವು, ಅದೇ ಕಾಲಿನ ನಡುಕ. ಯಾತ್ರೆಗೆ ಬಂದಿದ್ದ ತರುಣನೊಬ್ಬ ಅಯ್ಯೋ ಎಂದು ಕೈಚಾಚಿ ಓಡಿದ. ಇನ್‌ತಾ ಗಾಡಿಯಿಂದ ಧುಮುಕಿ ಅಡ್ಡ ನಿಂತ.

“ಮುಟ್ಟಬೇಡಿ! ನಮ್ಮಕ್ಕನ್ನ ಯಾರೂ ಮುಟ್ಟಬೇಡಿ!”

ಅವನ ಕಣ್ಣಲ್ಲಿ ನೀರಿತ್ತು. ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹೆಣೆದುಕೊಂಡಿದ್ದ. ಚಾನ್‌ಪೆಂಗ್ ಹಲ್ಲು ಕಚ್ಚಿ, ಬೈದು, ತುಳಿದಳು. ಸೈಕಲ್ಲಿನ ಮುಂದಿನ ಗಾಲಿ ಮೆಟ್ಟಿಲ ಕಲ್ಲಿಗೆ ತಾಗಿತು.

ಸೈಕಲ್ ಅಲ್ಲೇ ಮಲಗಿಸಿ ಅವಳು ತಮ್ಮನ ಕಡೆ ತಿರುಗಿದಳು.

“ಈಗ ಕೈ ಕೊಡೋ. ಮೆಟ್ಟಿಲು ಹತ್ತೋದು ಹರಕೇಲಿ ಇರ್ಲಿಲ್ಲ.”